ಹನ್ನೊಂದನೇ ಹಾಸಿಗೆಯ ಬೆಲ್

ಬಾಗಿಲಾಚೆ ನಿಂತು ಬೆಲ್ ಒತ್ತು ಎಂದು ಅಕ್ಕ ಹೇಳಿದ್ದರಿಂದ ಅವನು ಒತ್ತಿದ. ಒಳಗೆ ಅಡುಗೆಮನೆಯಲ್ಲಿ ಅವಳು ನಲ್ಲಿ ಬಿಟ್ಟುಕೊಂಡು, ಮಿಕ್ಸಿ ಓಡಿಸಿಕೊಂಡು ನಿಂತಿದ್ದಳು. ಮತ್ತೊಮ್ಮೆ ಒತ್ತಿದ. ಎದುರು ಮನೆಯ ಮುದುಕ ಪೇಪರಿನಿಂದ ತಲೆಯೆತ್ತಿ, ತನ್ನದೇ ಮನೆಯ ಬಾಗಿಲು ತೆರೆದಿಟ್ಟುಕೊಂಡು ಹೊರಗಿನಿಂದ ಬೆಲ್ ಒತ್ತುತ್ತಿರುವ, ಒಂದೇ ಕಾಲಿಗೆ ಕಾಲುಚೀಲ ಹಾಕಿಕೊಂಡ ನಡುವಯಸ್ಸಿನ ಮನುಷ್ಯನನ್ನು ನೋಡಿದ. ಮತ್ತೆ ಪೇಪರಿಗೆ ಇಳಿದ. ‘ಕೇಳಿಸ್ತಾ?’ ಎಂದು ಅವನು ಕೂಗಿದ. ‘ಎಷ್ಟು ಸಲ ಒತ್ತಿದೆ?’ ‘ಎರಡು.’ ‘ನಂಗೂ ಎರಡೇ ಕೇಳಿಸಿದ್ದು,’ ಎಂದಳು. ಅವನು ಹೇಳಿದ ಮೇಲೆ ಕೊಟ್ಟ ಉತ್ತರಕ್ಕೆ ಬೆಲೆಯಿಲ್ಲ ಎಂದು ಅವಳಿಗೇ ಅನ್ನಿಸಿರಬೇಕು. ‘ಇನ್ನೊಂದ್ಸಲ ಒತ್ತು. ಈ ಸಲ ನೀನು ಹೇಳ್ಬೇಡ, ನಾನೇ ಹೇಳ್ತೀನಿ,’ ಎಂದಳು. ಅವನು ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು ನಿಂತ. ಈಗ ಒಳಗೆ ಹೋಗಿ ಮಿಕ್ಸಿ ಆರಿಸಿ, ಅಕ್ಕ ನಿನ್ನ ಕಿವಿಗೇನೂ ಆಗಿಲ್ಲ, ನಿನ್ನ ಕಣ್ಣಿಗೂ ಏನೂ ಆಗಿಲ್ಲ, ಆಗಿರೋದೆಲ್ಲ ನಾನು ಬರೆದ ನಾಲ್ಕು ಸಾಲಿಗೆ ಎಂದುಬಿಟ್ಟರೆ ಮುಗಿಯಿತು. ಅವನು ಮೂರು ಸಲ ಒತ್ತಿದ. ‘ಮೂರು,’ ಎಂದು ಅವಳು ಒಳಗಿನಿಂದ ಹೇಳಿದಳು. ‘ಸರಿ,’ ಎಂದ. ‘ನನ್ನ ಮನಸ್ಸಮಾಧಾನಕ್ಕೆ ಸರಿ ಅಂತಿಲ್ಲ ತಾನೆ?’ ‘ಇಲ್ಲಕ್ಕ, ಮೂರೇ.’ ಆಮೇಲೆ ಅವಳು ಗ್ಯಾಸ್ ಆರಿಸಿದಳು, ಆರಿದೆಯೇ ಎಂದು ಬಗ್ಗಿ ನೋಡಿದಳು, ತಲೆಬಾಗಿಲವರೆಗೆ ಬಂದವಳು ಹಿಂದಕ್ಕೆ ಹೋಗಿ ಇನ್ನೊಮ್ಮೆ ನೋಡಿ ಬಂದಳು.

ನಡೆದದ್ದು ಇಷ್ಟು. ಅಕ್ಕ ನರ್ಸಾಗಿರುವ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಪ್ರತಿ ಹಾಸಿಗೆಯ ತಲೆದೆಸೆಗೆ, ಕೈಗೆ ಎಳೆದುಕೊಳ್ಳುವಷ್ಟು ಉದ್ದದ ತಂತಿಯ ತುದಿಯಲ್ಲಿ, ಒಂದು ಬೆಲ್ಲಿನ ಗುಂಡಿ ಇದೆ. ಒತ್ತಿದರೆ ನರ್ಸುಗಳ ಮೇಜಿನ ಮೇಲಿನ ಪರದೆಯಲ್ಲಿ ಆ ಹಾಸಿಗೆಯ ಚೌಕ ಹಸಿರಿನಿಂದ ಕೆಂಪಿಗೆ ತಿರುಗಿ ಗಂಟೆ ಬಡಿಯುತ್ತದೆ. ನರ್ಸು ಹಾಸಿಗೆಯ ಹತ್ತಿರ ಹೋಗಿ ಗೋಡೆಯ ಮೇಲಿನ ಸ್ವಿಚ್ಚನ್ನು ಒತ್ತುವವರೆಗೂ ಅದು ನಿಲ್ಲುವುದಿಲ್ಲ. ಹೋದ ವಾರ ಅಕ್ಕನ ರಾತ್ರಿ ಪಾಳಿ ಮುಗಿಯುತ್ತ ಬಂದಾಗ ಹನ್ನೊಂದನೇ ಹಾಸಿಗೆಯ ಮುದುಕ, ಕಸುಬಿನಲ್ಲಿ ಟೈಲರ್, ಹಾಸಿಗೆಯಿಂದ ತಾನೇ ಇಳಿಯಲು ಹೋಗಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ; ಒಂದು ದಿನ ಬಿಟ್ಟು ತೀರಿಕೊಂಡ. ಪಕ್ಕದ ಹಾಸಿಗೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ನೋವಿನ ಮಾತ್ರೆಯ ಮಂಪರಿನಲ್ಲಿ ಮಲಗಿದ್ದ ಲಾರಿ ಡ್ರೈವರ್, ‘ಒತ್ತಿದ, ಒತ್ತಿದ, ಯಾರೂ ಬರ್ಲಿಲ್ಲ. ಬೆರಳು ಸೋತು ತಾನೇ ಎದ್ದ. ಕೂಗೋಣ ಅಂದ್ರೆ ನಂಗೆ ದನಿನೇ ಏಳ್ಲಿಲ್ಲ,’ ಎಂದು ಹೇಳಿದ. ಬೆಳಿಗ್ಗೆ ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಬಂದು ಬೆಲ್ ಒತ್ತಿದಾಗ ಅದು ಚೆನ್ನಾಗಿಯೇ ಬಡಿಯಿತು. ಯಾವ ಬೆಲ್ಲನ್ನು ನೋಡಲು ಕರೆದರೂ ಮೊದಲು ಹಳೆಯ ಬ್ಯಾಟರಿ ತೆಗೆದು ಹೊಸದು ಹಾಕಿ, ಆಮೇಲೆ ಒತ್ತಿ ನೋಡುವುದು ಅವನ ಪದ್ಧತಿ. ಬೆಲ್ ಸರಿ ಇದೆ ಎಂದ ಮೇಲೆ ಸರಿ ಇಲ್ಲದೆ ಉಳಿದದ್ದು ಅಕ್ಕ ಒಬ್ಬಳೇ. ಕೆಲಸಕ್ಕೆ ಬರಬೇಡಿ, ವಿಚಾರಣೆಗೆ ಬನ್ನಿ ಎಂದರು. ಮೊದಲ ದಿನ ಅವಳು ಮನೆಯಲ್ಲಿ ಕಿರುಚಿದ್ದಳು: ‘ಹಸಿರಿತ್ತು ಕಣೋ! ಪರದೆ ಪೂರ್ತಿ ಹಸಿರಿತ್ತು!’ ಮಾರನೆಯ ದಿನ, ‘ಹಸಿರೇ ಇತ್ತು ಅನ್ಸುತ್ತೆ,’ ಎಂದಳು. ಮೊನ್ನೆಯ ಹೊತ್ತಿಗೆ, ‘ನಾನು ನೋಡಿದ್ನೋ ಇಲ್ವೋ. ದಿನಾ ಹಸಿರೇ ಇರುತ್ತಲ್ಲ, ಬೇರೆ ಯಾವತ್ತೋ ನೋಡಿದ್ದು ಕಣ್ಣಲ್ಲಿ ಉಳ್ಕೊಂಡಿರ್ಬಹುದು,’ ಎಂದಿದ್ದಳು.

ಟೈಲರನನ್ನು ಅವನು ಕಂಡವನಲ್ಲ. ಊಟದ ಹೊತ್ತಿಗೆ ಅಕ್ಕ ಹೇಳಿ ನಗುತ್ತಿದ್ದುದರಿಂದ ಗೊತ್ತು. ನಾಡಿ ನೋಡಲು ಹೋದರೆ ಮುದುಕ ಅವಳ ಕೈಯನ್ನೇ ಹಿಡಿದು ತಿರುಗಿಸಿ, ‘ಸಿಸ್ಟರ್, ನಿಮ್ಮ ಎಡಗೈ ಬಲಗೈಗಿಂತ ಅರ್ಧ ಇಂಚು ಉದ್ದ. ಹೊಲಿದೋನು ಎರಡೂ ತೋಳು ಒಂದೇ ಅಳತೆಗೆ ಕತ್ತರಿಸಿದಾನೆ, ಕತ್ತೆ,’ ಎಂದಿದ್ದನಂತೆ. ಮನೆಗೆ ಬಂದು ಅವಳು ಕನ್ನಡಿಯ ಮುಂದೆ ಎರಡೂ ಕೈ ಚಾಚಿಕೊಂಡು ನಿಂತಳು. ನಿಜ. ಇಷ್ಟು ವರ್ಷ ತನ್ನ ಮೈಗೇ ಅಂಟಿಕೊಂಡಿದ್ದದ್ದು ತನಗೆ ಗೊತ್ತಿರಲಿಲ್ಲವಲ್ಲ ಎಂದು ಆ ರಾತ್ರಿ ಊಟ ಮುಗಿಯುವವರೆಗೂ ನಕ್ಕಳು. ಈಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು, ಮುಂದಿನ ಸೀಟಿನ ಕಂಬಿ ಹಿಡಿದ ಅವಳ ಎಡಗೈಯ ತೋಳು ಮಣಿಕಟ್ಟಿನಿಂದ ಸ್ವಲ್ಪ ಮೇಲಕ್ಕೇ ನಿಂತಿರುವುದನ್ನು ನೋಡುತ್ತ ಅವನಿಗೆ, ಆ ಮುದುಕ ಹಾಸಿಗೆಯಲ್ಲಿ ಮಲಗಿಕೊಂಡೇ ಕಂಡದ್ದನ್ನು ಕಂಡಹಾಗೆ ಹೇಳುವ ಮನುಷ್ಯನಾಗಿದ್ದ ಎನ್ನಿಸಿತು. ಅಂಥವನ ಬೆರಳಿನ ಕೆಳಗೆ ಇದ್ದದ್ದು ತನ್ನ ಕೆಲಸ, ತಾನು ಬರೆದ ಬೆಲ್ಲಿನ ಪ್ರೋಗ್ರಾಮು.

‘ನೀನು ದಿನವಿಡೀ ಏನು ಮಾಡ್ತೀಯೋ ಅಲ್ಲಿ ಕೂತು?’ ಎಂದು ಅವನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಕ್ಕ ಕೇಳಿದ್ದಳು. ಅವನು ಬಟಾಣಿ ಸುಲಿಯುತ್ತ ವಿವರಿಸಿದ್ದ. ಪ್ರೋಗ್ರಾಮು ಓಡುತ್ತಿರುವಾಗ ಎಣಿಸದ್ದೇನಾದರೂ ಆಗುತ್ತದೆ, ಕೇಳಿದ್ದಕ್ಕೆ ಉತ್ತರ ಬರುವುದಿಲ್ಲ, ಇರಬೇಕಾದದ್ದು ಇರುವುದಿಲ್ಲ. ಆಗ ಅದು ಮುಂದೆ ಹೋಗಲಾರದೆ ಒಂದು ಎಕ್ಸೆಪ್ಶನ್ ಎಸೆಯುತ್ತದೆ, ಚೆಂಡು ಎಸೆದ ಹಾಗೆ. ಮೇಲಿನವರು ಯಾರಾದರೂ ಅದನ್ನು ಹಿಡಿಯಬೇಕು. ಯಾರೂ ಹಿಡಿಯದಿದ್ದರೆ ಇಡೀ ಪ್ರೋಗ್ರಾಮು ನಿಂತುಬಿಡುತ್ತದೆ. ‘ಹಿಡಿದು ಏನು ಮಾಡ್ತಾರೆ?’ ‘ಮತ್ತೆ ಕೇಳ್ತಾರೆ. ಆಗ್ಲೂ ಉತ್ತರ ಬರ್ಲಿಲ್ಲ ಅಂದ್ರೆ, ಬರ್ಲಿಲ್ಲ ಅಂತ ಹೇಳ್ತಾರೆ.’ ‘ಏನೂ ಮಾಡ್ದೆ ಸುಮ್ನೆ ಹಿಡ್ಕೊಂಡು ಕೂತ್ರೆ?’ ಅವನು ನಕ್ಕಿದ್ದ. ‘ಹಾಗೂ ಮಾಡ್ತಾರೆ. ಪ್ರೋಗ್ರಾಮು ಓಡ್ತಾ ಇರುತ್ತೆ. ನೋಡೋರಿಗೆ ಎಲ್ಲಾ ಚೆನ್ನಾಗಿದೆ ಅನ್ಸುತ್ತೆ.’ ‘ಅಯ್ಯೋ, ಅದನ್ನ ನಾನು ಓದದೇನೇ ಮಾಡ್ತೀನಿ,’ ಎಂದು ಅವಳು ಸಿಪ್ಪೆಯನ್ನೆಲ್ಲ ಮಡಿಲಿಗೆ ಬಾಚಿಕೊಂಡು ಎದ್ದಿದ್ದಳು.

ಹಾಗೆ ಸುಮ್ಮನೆ ಹಿಡಿದುಕೊಂಡು ಕೂರುವುದಕ್ಕೆ ಆಫೀಸಿನಲ್ಲಿ ಒಂದು ಹೆಸರಿತ್ತು: ಕಂಬಳಿ ಹೊದಿಸುವುದು. ಹೆಸರಿಟ್ಟವನು ತಂಡದ ಮುಖ್ಯಸ್ಥ; ಯಾವ ಕೆಲಸವನ್ನಾದರೂ, ತಾರಸಿ ಹಾಕಿಸುವವನ ಹಾಗೆ, ‘ಸಂಜೆಯೊಳಗೆ ಮೋಲ್ಡ್ ಬೀಳ್ಬೇಕು’ ಎನ್ನುತ್ತಿದ್ದುದರಿಂದ ಅವನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು, ಎದುರಿಗೂ. ವಾರ್ಡು ಇನ್ನೂ ಖಾಲಿ ಇದ್ದು ಬಣ್ಣದ ವಾಸನೆ ಹೊಡೆಯುತ್ತಿದ್ದ ದಿನ, ಸೂಪರಿಂಟೆಂಡೆಂಟರು ಬೆಲ್ ನೋಡಲು ಬರುವ ಹೊತ್ತಿಗೆ, ಲಿಫ್ಟಿನ ಪಕ್ಕದ ಹಾಸಿಗೆಯ ಗುಂಡಿಯೊಂದು ಕೈಕೊಡುತ್ತಿತ್ತು. ಪ್ರೋಗ್ರಾಮು ಕ್ಷಣಕ್ಷಣಕ್ಕೂ ಪ್ರತಿ ಗುಂಡಿಯನ್ನು ವಿಚಾರಿಸುತ್ತಿರುತ್ತದೆ; ಲಿಫ್ಟು ಚಲಿಸಿದಾಗಲೆಲ್ಲ ಈ ಗುಂಡಿಯಿಂದ ಉತ್ತರ ಬರುತ್ತಿರಲಿಲ್ಲ. ಉತ್ತರ ಬಾರದೆ ಎಕ್ಸೆಪ್ಶನ್ ಎದ್ದು, ಹಿಡಿಯುವವರಿಲ್ಲದೆ, ಪರದೆಯೇ ಕಪ್ಪಾಗುತ್ತಿತ್ತು. ಅವನು ಆ ಒಂದು ಚೌಕವನ್ನು ಮಾತ್ರ ಬೂದು ಬಣ್ಣಕ್ಕೆ ತಿರುಗಿಸೋಣ, ಒಂದು ಗಂಟೆ ಕೊಡಿ ಎಂದು ಕೇಳಿದ. ‘ಗಂಟೆ ಎಲ್ಲಿಂದ ತರ್ಲಿ, ಮೆಟ್ಲು ಹತ್ತುತಾ ಇದಾರೆ. ಸದ್ಯಕ್ಕೆ ಕಂಬಳಿ ಹೊದ್ಸು,’ ಎಂದ ಮೇಸ್ತ್ರಿ. ಅವನು ನಾಲ್ಕು ಸಾಲು ಬರೆದ. ಯಾವ ಗುಂಡಿಯಿಂದ ಯಾವ ಕಾರಣಕ್ಕೆ ಏನೇ ತಪ್ಪು ಎದ್ದರೂ ಹಿಡಿ, ಏನೂ ಮಾಡಬೇಡ, ಆ ಚೌಕದ ಬಣ್ಣ ಹಿಂದೆ ಏನಿತ್ತೋ ಅದೇ ಇರಲಿ. ಪಕ್ಕದಲ್ಲಿ ತನಗಾಗಿ ‘ಆಮೇಲೆ ನೋಡುವುದು’ ಎಂದೂ ಬರೆದ. ಲಿಫ್ಟು ಓಡಿತು, ಪರದೆ ಹಸಿರಾಗಿಯೇ ಇತ್ತು, ಸೂಪರಿಂಟೆಂಡೆಂಟರು ತಲೆದೂಗಿದರು. ಹಾಸಿಗೆಯ ಗುಂಡಿ ಸತ್ತರೆ ಅದರ ಹಿಂದಿನ ಬಣ್ಣ ಹೆಚ್ಚುಕಮ್ಮಿ ಯಾವಾಗಲೂ ಹಸಿರೇ ಆಗಿರುತ್ತದೆ ಎಂಬುದು ಅವನಿಗೆ ಆವತ್ತೂ ಗೊತ್ತಿತ್ತು. ಮಲಗಿದವರಿಗೆ ಹೊದಿಸುವ ಕಂಬಳಿಯನ್ನೇ ತೀರಿಕೊಂಡವರಿಗೂ ಹೊದಿಸುತ್ತಾರೆ. ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತದೆ.

ಓದುತ್ತಿದ್ದ ಕಾಲದಲ್ಲಿ, ಅಪ್ಪ ಕಾಯಿಲೆ ಬಿದ್ದಿದ್ದಾಗ, ಹಾಸ್ಟೆಲಿನ ಮೆಟ್ಟಿಲ ಕೆಳಗಿನ ಫೋನಿನಲ್ಲಿ ಅವನು, ‘ಅಪ್ಪ ಹೇಗಿದಾರೆ?’ ಎಂದು ಕೇಳಿದ್ದ. ‘ಮಲಗಿದಾರೆ,’ ಎಂದಿದ್ದಳು ಅಕ್ಕ. ‘ಏಳ್ಸು, ಒಂದು ಮಾತಾಡ್ತೀನಿ.’ ‘ಬೇಡ ಕಣೋ, ಈಗ ತಾನೆ ಕಣ್ಣು ಹತ್ತಿದೆ. ನೀನು ಪರೀಕ್ಷೆ ಚೆನ್ನಾಗಿ ಬರಿ. ಇಲ್ಲಿ ಎಲ್ಲಾ ಸರಿ ಇದೆ.’ ಹಿಂದಿನಿಂದ ಜನರ ದನಿ ಕೇಳುತ್ತಿತ್ತು; ಯಾರು ಎಂದರೆ, ಪಕ್ಕದ ಮನೆಯವರು, ಎಂದಿದ್ದಳು. ಅದೂ ಸುಳ್ಳಲ್ಲ. ಪರೀಕ್ಷೆ ಮುಗಿಸಿ ಚೀಲ ಹೊತ್ತುಕೊಂಡು ಮನೆಯೊಳಗೆ ಕಾಲಿಟ್ಟಾಗ ಅಪ್ಪನ ಮಂಚವನ್ನು ಮಡಚಿ ಗೋಡೆಗೆ ಒರಗಿಸಿದ್ದರು. ಅದು ಇದ್ದ ಜಾಗದ ನೆಲ ಬೇರೆ ನೆಲಕ್ಕಿಂತ ಹೊಳಪಾಗಿತ್ತು. ‘ಯಾವಾಗ?’ ಎಂದು ಅವನು ಕೇಳಿದ. ಅವಳು ಹೇಳಿದಳು. ಅವನು ಫೋನು ಮಾಡಿದ್ದರ ಹಿಂದಿನ ದಿನ. ಎಷ್ಟೋ ತಿಂಗಳು ಅವಳ ಹತ್ತಿರ ನೆಟ್ಟಗೆ ಮಾತಾಡಲಿಲ್ಲ. ಅವಳು ತಟ್ಟೆಗೆ ಬಡಿಸುತ್ತಲೇ ಇದ್ದಳು. ನಿನ್ನ ಒಳ್ಳೆಯದಕ್ಕೇ ಮಾಡಿದಳಪ್ಪ ಎಂದು ನೆಂಟರು ಹೇಳಿದಾಗ, ನನ್ನ ಒಳ್ಳೆಯದು ಯಾವುದು ಅಂತ ತೀರ್ಮಾನ ಮಾಡೋಕೆ ಇವಳ್ಯಾರು ಎಂದು ಕೂಗಾಡಿದವನೇ, ಆಮೇಲೆ ಒಂದು ದಿನ ಆ ನಾಲ್ಕು ಸಾಲು ಬರೆದಿದ್ದ.

ಬಸ್ಸು ಆಸ್ಪತ್ರೆಯ ತಿರುವಿಗೆ ಬಂತು. ‘ನಿದ್ದೆ ಬಂದಿರ್ಬಹುದು ಅಂತ ಹೇಳ್ಬಿಡ್ತೀನಿ ಕಣೋ,’ ಎಂದಳು ಅಕ್ಕ ಕಿಟಕಿಯಾಚೆ ನೋಡುತ್ತ. ‘ನಿನಗೆ ನಿದ್ದೆ ಬಂದಿತ್ತಾ?’ ‘ಇಲ್ಲ ಅಂತ್ಲೇ ನೆನಪು. ಆದ್ರೆ ಮೊನ್ನೆ ಕಿವಿ ಡಾಕ್ಟ್ರು ಕಿವಿ ಚೆನ್ನಾಗಿದೆ ಅಂದ್ಬಿಟ್ರಲ್ಲ. ಕಿವಿ ಚೆನ್ನಾಗಿದೆ, ಬೆಲ್ಲೂ ಚೆನ್ನಾಗಿದೆ. ಇನ್ನೇನು ಉಳೀತು? ನಿದ್ದೆನೇ.’ ಲೆಕ್ಕ ಸರಿಯಾಗಿತ್ತು. ಕೊಟ್ಟ ಎರಡು ಸಂಗತಿಯಲ್ಲಿ ಒಂದು ಸುಳ್ಳು ಎಂದು ಗೊತ್ತಿಲ್ಲದಿದ್ದರೆ ಯಾರಾದರೂ ಅಲ್ಲಿಗೇ ಬರುತ್ತಿದ್ದರು. ಮೊನ್ನೆ ಕಿವಿ ಡಾಕ್ಟರ ಗಾಜಿನ ಕೋಣೆಯೊಳಗೆ ಅವಳು ದೊಡ್ಡ ಹೆಡ್‌ಫೋನು ಹಾಕಿಕೊಂಡು, ಶಾಲೆಯ ಹುಡುಗಿಯ ಹಾಗೆ, ಸದ್ದು ಕೇಳಿದಾಗಲೆಲ್ಲ ಬೆರಳೆತ್ತುತ್ತಿದ್ದಳು. ಕೆಲವು ಸಲ ಅನುಮಾನದಿಂದ ಅರ್ಧ ಎತ್ತಿ ಇಳಿಸುತ್ತಿದ್ದಳು. ಅವನು ಗಾಜಿನ ಈಚೆ ಅವಳ ಕೈಚೀಲ ಹಿಡಿದುಕೊಂಡು ಕೂತಿದ್ದ. ಅವತ್ತೇ ಮಧ್ಯಾಹ್ನ ಆಫೀಸಿನಲ್ಲಿ ಅವನು ಆ ಹಳೆಯ ಫೈಲನ್ನು ತೆಗೆದು ನೋಡಿ, ಮೇಸ್ತ್ರಿಗೂ ತೋರಿಸಿದ್ದ. ‘ಅಕ್ಕ,’ ಎಂದ ಈಗ. ‘ಏನು?’ ‘ಏನಿಲ್ಲ. ಇಳಿ, ಸ್ಟಾಪು ಬಂತು.’

ಸೂಪರಿಂಟೆಂಡೆಂಟರ ಕೋಣೆಯ ಹೊರಗೆ ಮರದ ಬೆಂಚಿತ್ತು. ಸಮವಸ್ತ್ರವಿಲ್ಲದೆ ಮನೆಯ ಬಟ್ಟೆಯಲ್ಲಿ ಬಂದ ಅಕ್ಕನನ್ನು ನೋಡಿ ಹಾದುಹೋಗುವ ನರ್ಸುಗಳು ಒಂದು ಹೆಜ್ಜೆ ನಿಧಾನಿಸಿ, ಊಟ ಆಯ್ತಾ ಎಂದು ಕೇಳಬಾರದ ಹೊತ್ತಿನಲ್ಲಿ ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋಗುತ್ತಿದ್ದರು. ವಾರ್ಡು ಒರೆಸುವ ಹೆಂಗಸು ಮಾತ್ರ ಬಕೆಟ್ಟು ಕೆಳಗಿಟ್ಟು ನಿಂತಳು. ‘ಏನಕ್ಕ, ಇಷ್ಟು ಸೊರಗಿದೀರ. ಹೋಗಿ ಸುಮ್ನೆ ಇಲ್ಲ ಅನ್ನಿ. ನಾನೇನೂ ಮಾಡಿಲ್ಲ ಅನ್ನಿ. ಹಾಗಂದೋರೆಲ್ಲ ಇಲ್ಲಿ ಆರಾಮಾಗಿದಾರೆ,’ ಎಂದಳು. ಅಕ್ಕ ನಗಲು ಹೋಗಿ ನಗು ಬಾರದೆ, ‘ಆ ಮೂಲೇಲಿ ನೀರು ನಿಂತಿದೆ ನೋಡು, ಯಾರಾದ್ರೂ ಜಾರ್ತಾರೆ,’ ಎಂದಳು. ಆಮೇಲೆ ಒಳಗಿನಿಂದ ಕರೆ ಬಂತು. ಎದ್ದು ನಿಂತವಳು ಅವನ ಕಡೆ ತಿರುಗಿ, ‘ಹೊರಡೋ ಮುಂಚೆ ಗ್ಯಾಸ್ ಆರಿಸಿದ್ದೆ ತಾನೆ?’ ಎಂದು ಕೇಳಿದಳು. ‘ಎರಡು ಸಲ,’ ಎಂದ. ಬಾಗಿಲು ಮುಚ್ಚಿತು.

ಚಿಕ್ಕವರಿದ್ದಾಗ ಟಿವಿಯಲ್ಲಿ ಚಿತ್ರ ಅಲುಗಿದರೆ ಮಾಳಿಗೆಗೆ ಹತ್ತುವವಳು ಅವಳೇ. ಬಿಸಿಲಿಗೆ ಕಾದ ಆಂಟೆನಾ ಕಂಬವನ್ನು ಸೆರಗಿನಂಥದೇನನ್ನೋ ಸುತ್ತಿಕೊಂಡು ಹಿಡಿದು ತಿರುಗಿಸುತ್ತ, ‘ಬಂತಾ?’ ಎಂದು ಕೂಗುತ್ತಿದ್ದಳು. ಅವನು ಕೆಳಗೆ ಟಿವಿಯ ಮುಂದೆ. ‘ಇಲ್ಲ!’ ‘ಈಗ?’ ‘ಇಲ್ಲ!’ ಸ್ವಲ್ಪ ಹೊತ್ತಾದ ಮೇಲೆ, ಎದ್ದು ಕಿಟಕಿಗೆ ಹೋಗಿ ಕೂಗುವುದು ಬೇಸರವಾಗಿ, ಚಿತ್ರ ಇನ್ನೂ ಇರುವೆ ಮುತ್ತಿದ ಹಾಗಿದ್ದರೂ ‘ಬಂತು, ಬಂತು!’ ಎಂದುಬಿಡುತ್ತಿದ್ದ. ಅವಳು ಕೈ ಒರೆಸಿಕೊಳ್ಳುತ್ತ ಇಳಿದು ಬಂದು ಪರದೆಯನ್ನು ನೋಡಿ, ಅವನನ್ನು ನೋಡಿ, ಪಕ್ಕದಲ್ಲಿ ಕೂತು, ಇರುವೆಗಳ ಹಿಂದೆ ಅಷ್ಟಿಷ್ಟು ಕಾಣುವ ಮುಖಗಳನ್ನು ಕೊನೆಯವರೆಗೂ ನೋಡುತ್ತಿದ್ದಳು.

ಜೇಬಿನಲ್ಲಿ ಫೋನು ನಡುಗಿತು. ಮೇಸ್ತ್ರಿ. ‘ವಾರ್ಡಿಗೆ ಹೋದ್ಯಾ? ಮೂರು ಸಲ ಕೇಳೋ ಫೈಲ್ ಹಾಕಿದ್ಯಾ?’ ಅವನನ್ನು ಆಫೀಸು ಇವತ್ತು ಇಲ್ಲಿಗೆ ಕಳಿಸಿದ್ದೇ ಅದಕ್ಕೆ. ಮಾಮೂಲಿ ಅಪ್‌ಡೇಟ್ ಎಂದು ಹೇಳಿ ಹಳೆಯ ಪ್ರೋಗ್ರಾಮಿನ ಜಾಗದಲ್ಲಿ, ಉತ್ತರ ಬಾರದ ಗುಂಡಿಯನ್ನು ಮೂರು ಸಲ ಕೇಳಿ ನೋಡುವ ಹೊಸದನ್ನು ಹಾಕಿ ಬರಲು. ‘ಇನ್ನೂ ಇಲ್ಲ. ಮೂರು ಸಲಾನೂ ಉತ್ತರ ಬರ್ಲಿಲ್ಲ ಅಂದ್ರೆ?’ ‘ಬರುತ್ತೆ ಬಿಡು.’ ‘ಬರ್ದಿದ್ರೆ?’ ‘ಬರ್ದಿದ್ರೆ ಹಸಿರೇ ಇರ್ಲಿ. ಬೂದು ಕಂಡ್ರೆ ಆಸ್ಪತ್ರೆಯವ್ರು ಫೋನ್ ಮಾಡ್ತಾರೆ. ಹಸಿರು ಕಂಡ್ರೆ ಯಾವನು ಫೋನ್ ಮಾಡ್ತಾನೆ ಹೇಳು? ಎಷ್ಟು ಆಸ್ಪತ್ರೆಗೆ ಇದನ್ನೇ ಹಾಕಿದೀವಿ, ಯೋಚನೆ ಮಾಡು.’ ಅವನು ಅದನ್ನೇ ಯೋಚಿಸುತ್ತಿದ್ದ. ‘ನಿಮ್ಮಕ್ಕನ ವಿಷಯ ನಂಗೂ ಬೇಜಾರಿದೆ ಕಣಪ್ಪ. ನನ್ನ ಬೇಜಾರು ಮುಖದ ಮೇಲೆ ಕಾಣಲ್ಲ ಅಷ್ಟೆ. ಒಂದು ಇಂಕ್ರಿಮೆಂಟ್ ಹೋಗುತ್ತೆ, ಬೇರೆ ವಾರ್ಡಿಗೆ ಹಾಕ್ತಾರೆ, ಇನ್ನೇನು ಗಲ್ಲಿಗೆ ಹಾಕಲ್ಲ. ನೀನು ಬಾಯಿ ಬಿಟ್ರೆ ಹಗ್ಗ ನಮಗೆ.’ ‘ಸರಿ,’ ಎಂದ ಅವನು. ಆ ಸರಿ ಯಾವುದಕ್ಕೆ ಎಂದು ಅವನಿಗೇ ಗೊತ್ತಿರಲಿಲ್ಲ. ಬಾಯಿಗೆ ಅಭ್ಯಾಸವಾದ ಶಬ್ದ ತಾನಾಗಿ ಹೊರಬಂದಿತ್ತು.

ವಾರ್ಡಿನಲ್ಲಿ ಹೊತ್ತು ಏರಿದ ಬೆಳಕಿತ್ತು. ಮೇಜಿನ ಹತ್ತಿರ ಕಿರಿಯ ನರ್ಸೊಬ್ಬಳು ಮಾತ್ರೆಗಳನ್ನು ಪುಟ್ಟ ಬಟ್ಟಲುಗಳಿಗೆ ಹಾಕುತ್ತಿದ್ದಳು. ಅವನು ಕಂಪನಿಯ ಗುರುತಿನ ಚೀಟಿ ತೋರಿಸಿ ಪರದೆಯ ಹಿಂದಿನ ಪೆಟ್ಟಿಗೆಗೆ ಲ್ಯಾಪ್‌ಟಾಪಿನ ತಂತಿ ಸಿಕ್ಕಿಸಿದ. ಪರದೆ ತುಂಬ ಹಸಿರು, ಸಾಲುಸಾಲಾಗಿ, ಮಳೆ ನಿಂತ ಮೇಲಿನ ಮೈದಾನದ ಹಾಗೆ ಶಾಂತ. ಇದನ್ನು ನೋಡಿಕೊಂಡೇ ಅವಳು ಆ ರಾತ್ರಿ ಎದ್ದು ಹೋಗಿ, ದೂರದ ಮೂಲೆಯ ಒಬ್ಬ ಮುದುಕನ ಒದ್ದೆ ಹಾಸಿಗೆ ಬದಲಿಸಿ, ತಿರುಗಿ ಬಂದು, ಮತ್ತೆ ಇದನ್ನೇ ನೋಡಿ, ಎಲ್ಲರೂ ಮಲಗಿದ್ದಾರೆ ಎಂದುಕೊಂಡಿದ್ದಳು. ಲ್ಯಾಪ್‌ಟಾಪಿನಲ್ಲಿ ಎರಡು ಫೈಲುಗಳಿದ್ದವು. ಒಂದು ಮೇಸ್ತ್ರಿಯ ಮೂರು ಸಲದ್ದು. ಇನ್ನೊಂದನ್ನು ನಿನ್ನೆ ಅವನೇ ಬರೆದಿದ್ದ: ಉತ್ತರ ಬಾರದಿದ್ದರೆ ಬೂದು. ಅದರಲ್ಲಿ ಹೆಚ್ಚಿನದೇನೂ ಇರಲಿಲ್ಲ. ಆವತ್ತು ಕೇಳಿದ್ದ ಒಂದು ಗಂಟೆಯೂ ಬೇಕಾಗಿರಲಿಲ್ಲ, ಕಾಫಿ ಆರುವಷ್ಟರಲ್ಲಿ ಮುಗಿದಿತ್ತು. ಅದು ಅಷ್ಟು ಸುಲಭವಾಗಿ ಮುಗಿದದ್ದೇ ಅವನಿಗೆ ತಡೆದುಕೊಳ್ಳಲಾಗಿರಲಿಲ್ಲ. ಅವನು ಎರಡನೆಯದನ್ನು ಹಾಕಿದ. ಪರದೆ ಒಂದು ಕ್ಷಣ ಕಪ್ಪಾಯಿತು, ಮತ್ತೆ ಹಸಿರು ತುಂಬಿತು. ಆಮೇಲೆ, ಬಟ್ಟೆಯ ಮೇಲೆ ಹಳೆಯ ಕಲೆ ಎದ್ದ ಹಾಗೆ, ನಾಲ್ಕನೆಯದು ಬೂದಾಯಿತು. ಒಂಬತ್ತನೆಯದು. ಕಿಟಕಿ ಸಾಲಿನಲ್ಲಿ ಒಟ್ಟಿಗೆ ಎರಡು. ಕಿರಿಯ ನರ್ಸು ಮಾತ್ರೆ ಬಿಟ್ಟು ಎದ್ದಳು. ‘ಇದೇನು ಸಾರ್, ಕೆಟ್ಟೋಯ್ತಾ?’ ‘ಇಲ್ಲ.’ ‘ಮತ್ತೆ ಬೆಳಿಗ್ಗೆಯಿಂದ ಸರಿ ಇತ್ತಲ್ಲ?’ ‘ಬೆಳಿಗ್ಗೆಯಿಂದ್ಲೂ ಹೀಗೇ ಇತ್ತು,’ ಎಂದ ಅವನು. ‘ಕಾಣ್ತಿರ್ಲಿಲ್ಲ.’ ಅವಳು ನಾಲ್ಕನೇ ಹಾಸಿಗೆಯ ಕಡೆ ನೋಡಿದಳು. ಅಲ್ಲಿ ಮೂಗಿಗೆ ನಳಿಕೆ ಹಾಕಿಸಿಕೊಂಡ ಒಬ್ಬ, ಬೆಲ್ಲಿನ ಗುಂಡಿಯನ್ನು ಎದೆಯ ಮೇಲೆ ಭದ್ರವಾಗಿ ಹಿಡಿದುಕೊಂಡು ನಿದ್ದೆ ಮಾಡುತ್ತಿದ್ದ.

ಸೂಪರಿಂಟೆಂಡೆಂಟರ ಬಾಗಿಲನ್ನು ಅವನು ತಟ್ಟಿದನೋ ಇಲ್ಲವೋ ನೆನಪಿಲ್ಲ. ಒಳಗೆ ಮೇಜಿನ ಆಚೆ ಸೂಪರಿಂಟೆಂಡೆಂಟರು, ಪಕ್ಕದಲ್ಲಿ ನರ್ಸುಗಳ ಮೇಲ್ವಿಚಾರಕಿ ಮೇಟ್ರನ್, ಈಚೆ ಕುರ್ಚಿಯ ತುದಿಯಲ್ಲಿ ಅಕ್ಕ. ಅವಳ ಮುಂದೆ ಹೇಳಿಕೆಯ ಕಾಗದವಿತ್ತು. ಸಹಿ ಮುಗಿದಿತ್ತು, ಪೆನ್ನಿನ ಮುಚ್ಚಳ ಹಾಕುತ್ತಿದ್ದಳು. ‘ಯಾರು ನೀವು?’ ‘ಬೆಲ್ಲಿನ ಪ್ರೋಗ್ರಾಮು ಬರೆದವನು ಸಾರ್.’ ‘ಇವ್ರ ತಮ್ಮ,’ ಎಂದಳು ಮೇಟ್ರನ್, ನೆಲ ನೋಡುತ್ತ. ‘ಓಹೋ,’ ಎಂದರು ಸೂಪರಿಂಟೆಂಡೆಂಟರು. ಅದು ಉದ್ದವಾದ ಓಹೋ. ಅದರೊಳಗೆ ಅವನು ಹೇಳಬೇಕಾದದ್ದೆಲ್ಲ ಮೊದಲೇ ಕೇಳಿ ಮುಗಿಸಿದ ಹಾಗಿತ್ತು. ಆದರೂ ಅವನು ಹೇಳಿದ. ಬೆಲ್ಲಿನ ಬ್ಯಾಟರಿ ಸತ್ತರೆ, ತಂತಿ ಬಿಟ್ಟರೆ, ಪರದೆ ಹಸಿರೇ ಇರುತ್ತಿತ್ತು. ಕೆಟ್ಟಿದೆ ಎಂದು ತೋರಿಸುತ್ತಿರಲಿಲ್ಲ. ಇವರು ನೋಡಿದ್ದಾರೆ, ನೋಡಿದಾಗ ಹಸಿರಿತ್ತು, ಇವರು ನೋಡಿದ್ದು ನಿಜ. ಎಲೆಕ್ಟ್ರಿಷಿಯನ್ ಹೊಸ ಬ್ಯಾಟರಿ ಹಾಕಿದ ಮೇಲೆ ಒತ್ತಿ ನೋಡಿದ. ಹಾಗೆ ಹಸಿರಿರಲಿ ಎಂದು ಬರೆದವನು ನಾನು. ‘ಸಿಸ್ಟರೇ ನಿದ್ದೆ ಬಂದಿರ್ಬಹುದು ಅಂತ ಬರ್ಕೊಟ್ಟಿದಾರಲ್ಲ,’ ಎಂದರು ಸೂಪರಿಂಟೆಂಡೆಂಟರು. ‘ಬೇರೆ ಯಾವ ಕಾರಣಾನೂ ಸಿಗ್ಲಿಲ್ಲ ಅಂತ ಬರ್ದಿದಾಳೆ ಸಾರ್. ಕಾರಣ ನನ್ನ ಹತ್ರ ಇತ್ತು.’ ‘ಇದನ್ನ ನಿಮ್ಮ ಕಂಪನಿ ಹೇಳುತ್ತಾ?’ ‘ಹೇಳಲ್ಲ. ನಾನು ಬರ್ಕೊಡ್ತೀನಿ.’ ‘ಅಕ್ಕನಿಗೋಸ್ಕರ ತಮ್ಮ ಬರ್ಕೊಡೋದು.’ ಅವರು ಕನ್ನಡಕ ತೆಗೆದು ಒರೆಸಿದರು. ‘ಪರದೆ ನೋಡ್ಬನ್ನಿ ಸಾರ್,’ ಎಂದ ಅವನು. ‘ಅದು ಯಾರ ತಮ್ಮನೂ ಅಲ್ಲ.’

ಮೇಟ್ರನ್ ಮೊದಲು ಎದ್ದಳು. ಸೂಪರಿಂಟೆಂಡೆಂಟರು ಅವಳ ಹಿಂದೆ. ಪಡಸಾಲೆಯಲ್ಲಿ ಅವನೂ ಅಕ್ಕನೂ ಸ್ವಲ್ಪ ಹಿಂದೆ ಬಿದ್ದರು. ಅವಳು ಅವನನ್ನು ಬೈಯಬಹುದು ಅಥವಾ ಅಳಬಹುದು ಎಂದು ಅವನು ಕಾದ, ಎರಡಕ್ಕೂ ಸಿದ್ಧನಾಗಿದ್ದ. ‘ಯಾವಾಗ ಗೊತ್ತಾಯ್ತು?’ ಎಂದಳು. ‘ಮೊನ್ನೆ.’ ‘ಮೊನ್ನೆ ಬೆಳಿಗ್ಗೆನಾ, ಸಂಜೆನಾ?’ ‘ಮಧ್ಯಾಹ್ನ.’ ‘ಸಂಜೆ ಕಿವಿ ಡಾಕ್ಟ್ರ ಹತ್ರ ನೀನೇ ಕರ್ಕೊಂಡು ಹೋದ್ಯಲ್ಲೋ. ನನ್ನ ಚೀಲ ಹಿಡ್ಕೊಂಡು ಕೂತಿದ್ದೆ.’ ಅವನು ಹೂಂ ಎಂದ. ಅವಳು ಮುಂದೆ ನಡೆದಳು.

ಪರದೆಯ ಮುಂದೆ ಸೂಪರಿಂಟೆಂಡೆಂಟರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ‘ಬೂದು ಅಂದ್ರೆ?’ ‘ಗೊತ್ತಿಲ್ಲ ಅಂತ ಸಾರ್.’ ‘ಯಾರಿಗೆ ಗೊತ್ತಿಲ್ಲ?’ ‘ಪ್ರೋಗ್ರಾಮಿಗೆ. ಆ ಹಾಸಿಗೆಯವ್ರು ಕರೀತಿದಾರೋ ಇಲ್ವೋ, ನಂಗೆ ಗೊತ್ತಿಲ್ಲ ಅಂತ ಹೇಳ್ತಿದೆ.’ ‘ಇದು ನಿಜವೋ, ನೀವು ಈಗ ಬಂದು ಮಾಡಿದ್ದೋ, ನಂಗೆ ಹೇಗೆ ಗೊತ್ತಾಗ್ಬೇಕು?’ ಅವನು ಬಾಯಿ ತೆರೆಯುವ ಮುನ್ನ ಅಕ್ಕ, ‘ಒತ್ತಿ ನೋಡಿದ್ರಾಯ್ತು,’ ಎಂದಳು. ಯಾರ ಅಪ್ಪಣೆಗೂ ಕಾಯಲಿಲ್ಲ. ಮೊದಲನೇ ಹಾಸಿಗೆಗೆ ಹೋಗಿ ಗುಂಡಿ ಒತ್ತಿ, ತಿರುಗದೆಯೇ ಕೂಗಿದಳು: ‘ಬಂತಾ?’

‘ಬಂತು,’ ಎಂದ ಅವನು. ಗಂಟೆ ಬಡಿಯಿತು. ಅವಳು ಸ್ವಿಚ್ಚು ಒತ್ತಿ ನಿಲ್ಲಿಸಿದಳು. ಎರಡು, ಮೂರು. ‘ಬಂತಾ?’ ‘ಬಂತು.’ ನಾಲ್ಕನೆಯವನ ಎದೆಯ ಮೇಲಿನ ಗುಂಡಿಯನ್ನು, ಅವನ ನಿದ್ದೆ ಕೆಡದಂತೆ, ಬೆರಳುಗಳ ಸಂದಿಯಿಂದಲೇ ಒತ್ತಿದಳು. ‘ಬಂತಾ?’ ವಾರ್ಡು ಸದ್ದಿಲ್ಲದೆ ಇತ್ತು. ಚೌಕ ಬೂದಾಗಿಯೇ ಇತ್ತು. ಅವಳು ಮತ್ತೆ ಒತ್ತಿದಳು, ಮತ್ತೆ. ‘ಈಗ?’ ‘ಬರ್ಲಿಲ್ಲಕ್ಕ,’ ಎಂದ, ಇಡೀ ವಾರ್ಡಿಗೆ ಕೇಳುವ ಹಾಗೆ. ಅಷ್ಟು ಗಟ್ಟಿಯಾಗಿ ಆ ಮಾತನ್ನು ಅವನು ಹಿಂದೆಂದೂ ಹೇಳಿರಲಿಲ್ಲ. ಸೂಪರಿಂಟೆಂಡೆಂಟರು ಮೇಟ್ರನ್‌ಗೆ ಏನೋ ಹೇಳಿದರು. ಅವಳು ಎಲೆಕ್ಟ್ರಿಷಿಯನ್ನನನ್ನು ಕರೆಯಲು ಓಡಿದಳು. ‘ಹೊಸ ಬ್ಯಾಟರಿ ಹಾಕೋಕೆ ಮುಂಚೆ ನನ್ನ ಕರೀಬೇಕು!’ ಎಂದು ಸೂಪರಿಂಟೆಂಡೆಂಟರು ಹಿಂದಿನಿಂದ ಕೂಗಿದರು. ಅವರ ಮುಖದಿಂದ ಆ ಉದ್ದನೆಯ ಓಹೋ ಹೊರಟುಹೋಗಿತ್ತು. ಅಕ್ಕ ಅದನ್ನು ನೋಡಲಿಲ್ಲ. ಒಂಬತ್ತನೆಯದರ ಹತ್ತಿರವೂ ‘ಬಂತಾ’ ಎಂದಳು, ಅವನು ಬರಲಿಲ್ಲ ಎಂದ; ಹತ್ತನೆಯದು ಬಂತು.

ಹನ್ನೊಂದನೇ ಹಾಸಿಗೆ ಖಾಲಿಯಿತ್ತು. ಒಗೆದ ಹೊದಿಕೆಯನ್ನು ಮಡಿಸಿ ಕಾಲ್ದೆಸೆಗೆ ಇಟ್ಟಿದ್ದರು. ಪಕ್ಕದ ಲಾರಿ ಡ್ರೈವರ್ ಮೊಣಕೈ ಊರಿ ಅರ್ಧ ಎದ್ದು, ‘ಈಗ ಒತ್ತಿ ಏನ್ ಬಂತು ಸಿಸ್ಟರ್?’ ಎಂದ. ಮಾತು ಒರಟಾಗಿತ್ತು, ದನಿ ಹಾಗಿರಲಿಲ್ಲ. ಅಕ್ಕ ಎಡಗೈ ಚಾಚಿ ಗುಂಡಿಯನ್ನು ತೆಗೆದುಕೊಂಡಳು. ಗಿಡ್ಡ ತೋಳು ಇನ್ನಷ್ಟು ಹಿಂದೆ ಸರಿದು ಮಣಿಕಟ್ಟು ಕಂಡಿತು. ಒತ್ತಿದಳು. ಚೌಕ ಆ ಕ್ಷಣವೇ ಕೆಂಪಾಯಿತು. ಗಂಟೆ ವಾರ್ಡಿನ ಈ ತುದಿಯಿಂದ ಆ ತುದಿಯವರೆಗೆ, ಮುಚ್ಚಿದ ಕಿಟಕಿಗಳಿಗೆ ಬಡಿದು ಹಿಂದಕ್ಕೆ ಬರುವಷ್ಟು ಜೋರಾಗಿ ಬಡಿಯಿತು. ನಿದ್ದೆಯಲ್ಲಿದ್ದವರು ಕಣ್ಣು ತೆರೆದರು. ನಾಲ್ಕನೆಯವನೂ ತೆರೆದ. ಪರದೆಯ ಮುಂದಿನಿಂದ ‘ಬಂತು,’ ಎಂದ ಅವನು. ಅವಳು ಸ್ವಿಚ್ಚಿಗೆ ಕೈ ಹಾಕಲಿಲ್ಲ. ‘ಬಂತಕ್ಕ. ಬಂತು ಅಂದೆ.’ ಅವಳು ಹಾಸಿಗೆಗೆ ಬೆನ್ನು ಮಾಡಿ, ಹೆಬ್ಬೆರಳನ್ನು ಗುಂಡಿಯ ಮೇಲೆ ಒತ್ತಿ ಹಿಡಿದುಕೊಂಡೇ, ಆ ರಾತ್ರಿ ತಾನು ಕೂತಿದ್ದ ಮೇಜನ್ನೂ ಅದರ ಪಕ್ಕದಲ್ಲಿ ನಿಂತಿದ್ದ ಅವನನ್ನೂ ನೋಡುತ್ತಿದ್ದಳು. ಗಂಟೆ ನಿಲ್ಲಲಿಲ್ಲ.

‘ಕೇಳಿಸ್ತಿದೆ ಕಣೋ,’ ಎಂದಳು. ‘ನಂಗೆ ಕೇಳಿಸುತ್ತೆ.’